ಮುಕ್ಕಾಲು ಲೀಟರ್

ಫೆಬ್ರವರಿ ೨, ಸೋಮವಾರ

ದಿನಚರಿ ಬರೆಯುವ ಜಾಯಮಾನ ನನ್ನದಲ್ಲ. ಎಡಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿದೆ. ಬಾಯಿಗೆ ಕೆಲಸ ಕೊಟ್ಟರೆ ಮನೆಯವರಿಗೆ ತಲೆನೋವು, ಅದಕ್ಕೆ ಕೈಗೆ ಕೆಲಸ ಕೊಟ್ಟಿದ್ದೇನೆ.

ಬಿದ್ದದ್ದಾದರೂ ಎಲ್ಲಿಂದ? ಅಂಗಡಿಯ ಪುಟ್ಟ ಸ್ಟೂಲಿನಿಂದ. ಕನ್ನಡಕದ ಅಂಗಡಿಯಲ್ಲಿ ಕೂತು ಇಷ್ಟು ವರ್ಷ ಊರವರ ಕಣ್ಣಿಗೆ ಗಾಜು ಕೂರಿಸಿದವನಿಗೆ ತನ್ನ ಕಾಲಡಿಯ ಸ್ಟೂಲು ಕಾಣಲಿಲ್ಲ. ನೋಡಲು ಬಂದವರಿಗೆಲ್ಲ ಅಮ್ಮ ಇದನ್ನೇ ಹೇಳಿ ನಗುತ್ತಾಳೆ. ಅವಳ ಬಲಗಣ್ಣಿಗೆ ಪೊರೆ ಬಂದಿದೆ. ಆದರೂ ಮಗನ ಪೆದ್ದುತನ ಮಾತ್ರ ನಿಚ್ಚಳವಾಗಿ ಕಾಣುತ್ತದೆ.

ನನ್ನ ಕುರ್ಚಿ ನಡುಮನೆಯ ಕಿಟಕಿಯ ಪಕ್ಕ. ಕಿಟಕಿಯಾಚೆ ಅಂಗಳ, ಅಂಗಳದಲ್ಲಿ ನನ್ನ ಗಾಡಿ, ಹಳೆಯ ಕಾರು. ಈಗ ಅದನ್ನು ಓಡಿಸುತ್ತಿರುವವಳು ನನ್ನ ಹೆಂಡತಿ. ಬೆಟ್ಟದ ಮೇಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ಅವಳ ಕೆಲಸ. ಮೊದಲು ನಾನೇ ಬಿಟ್ಟು ಬರುತ್ತಿದ್ದೆ, ನಾನೇ ಕರೆತರುತ್ತಿದ್ದೆ. ಓಡಿಸಲು ಕಲಿಸಿದ್ದೂ ನಾನೇ. ಕಲಿಸಿದೆ ಅಷ್ಟೇ, ಕೀಲಿ ಕೊಟ್ಟದ್ದು ಕಡಿಮೆ.

ಸಂಜೆ ಬಂದವಳು ಕೀಲಿಯನ್ನು ಮೊಳೆಗೆ ತೂಗುಹಾಕುತ್ತ, "ರೀ, ಏರು ಹತ್ತುವಾಗ ಗೇರ್ ಬದಲಾಗೋಕೆ ಒದ್ದಾಡುತ್ತೆ. ಇವತ್ತು ಒಂದ್ಸಲ ದಡ್ ಅಂತ ಎಳೀತು. ಆಯಿಲ್ ಗೀಯಿಲ್ ಏನಾದ್ರೂ ಹಾಕ್ಬೇಕಾ?" ಎಂದಳು.

ತಾನಾಗಿಯೇ ಗೇರ್ ಬದಲಾಯಿಸಿಕೊಳ್ಳುವ ಗಾಡಿ ಅದು. ಅದರ ಗೇರ್‌ಬಾಕ್ಸಿಗೆ ಬೇರೆಯೇ ಒಂದು ಆಯಿಲ್ ಇರುತ್ತದೆ, ಕೆಂಪಗೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಅಂಗಳದಲ್ಲೇ ಬದಲಾಯಿಸುವವನು ನಾನು. ಈ ಸಲ ಹೊತ್ತು ಮೀರಿದೆ. ಅದೂ ಅಲ್ಲದೆ ಗೇರ್‌ಬಾಕ್ಸಿನ ತಳದಲ್ಲಿ ಒಂದು ತಟ್ಟೆಯಿದೆ, ಅದರ ಅಂಚಿನಿಂದ ಆಯಿಲ್ ಹನಿ ಹನಿಯಾಗಿ ಜಿನುಗುತ್ತದೆ. ಇದು ನನಗೊಬ್ಬನಿಗೇ ಗೊತ್ತು. ಮನೆಯವರು ಏಳುವ ಮುಂಚೆ ಬಾನೆಟ್ ಎತ್ತಿ, ಶೆಡ್ಡಿನಲ್ಲಿ ಬಣ್ಣದ ಡಬ್ಬಿಯ ಹಿಂದೆ ಇಟ್ಟಿರುವ ಬಾಟಲಿಯಿಂದ ಒಂದಿಷ್ಟು ಸುರಿದು, ಹನಿ ಹಿಡಿಯಲು ಗಾಡಿಯ ಅಡಿಗೆ ಹಾಕಿದ ರಟ್ಟನ್ನು ಬದಲಾಯಿಸಿ, ಕೈ ತೊಳೆದು ಬಂದು ಏನೂ ಆಗದವನ ಹಾಗೆ ಮಲಗುತ್ತಿದ್ದೆ. ಹೇಳಿದರೆ ಇವಳು ಗಾಡಿ ಹತ್ತಲು ಹೆದರುತ್ತಾಳೆ ಎಂದು ಹೇಳಿರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮನೆ ಕಾಯುವುದರಲ್ಲೂ ಒಂದು ಸುಖವಿದೆ. ಕಾಲು ಮುರಿದ ಮೇಲೆ ಸುರಿಯುವವರಿಲ್ಲ.

"ನಾನು ಎದ್ದ ಮೇಲೆ ನೋಡ್ತೀನಿ" ಎಂದೆ.

"ನೀವು ಏಳೋಕೆ ಇನ್ನೂ ಒಂದು ತಿಂಗಳು. ಅಲ್ಲಿವರೆಗೆ ಬೆಟ್ಟ ಕೆಳಗಿಳಿದು ಬರುತ್ತಾ? ತಂಗಿ ಗಂಡನ್ನ ಕರೀತೀನಿ."

ನಾನು ಕಿಟಕಿಯ ಕಡೆ ತಿರುಗಿದೆ. ಅದನ್ನು ಒಪ್ಪಿಗೆ ಎಂದುಕೊಂಡಳು.

ಫೆಬ್ರವರಿ ೪, ಬುಧವಾರ

ಷಡ್ಡಕ ಎನ್ನುವ ಸಂಬಂಧವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಅಣ್ಣನಲ್ಲ, ತಮ್ಮನಲ್ಲ, ಗೆಳೆಯನೂ ಅಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂರಿಸಲೆಂದೇ ಹುಟ್ಟಿದವನು. ಹೆಂಡತಿಯ ತವರಿನಲ್ಲಿ ಇಬ್ಬರೂ ಊಟಕ್ಕೆ ಕೂತರೆ ಯಾರಿಗೆ ಮೊದಲು ಬಡಿಸಿದರು ಎಂದು ಕಣ್ಣು ತಾನಾಗಿಯೇ ಹೋಗುತ್ತದೆ.

ಇವನ ಕಸುಬು ಲಿಫ್ಟ್ ರಿಪೇರಿ. ಜನರನ್ನು ಮೇಲೇರಿಸುವುದು, ಕೆಳಗಿಳಿಸುವುದು. ನನ್ನ ಪಾಲಿಗೆ ಇಳಿಸುವುದೊಂದೇ. ನೆಂಟರಿಷ್ಟರಲ್ಲಿ ಯಾರ ಮನೆ ನಲ್ಲಿ ಸೋರಲಿ, ಯಾರ ಛತ್ರಿ ಮುರಿಯಲಿ, "ಅವನನ್ನ ಕರೀರಿ" ಎನ್ನುತ್ತಾರೆ. ಅವನೂ ಕುಣಿದುಕೊಂಡು ಬರುತ್ತಾನೆ. ನಾನು ಮನಸ್ಸಿನಲ್ಲೇ ಪಾನಾಪಂಡಿತ ಎಂದು ಹೆಸರಿಟ್ಟಿದ್ದೇನೆ. ಬೋಲ್ಟು ತಿರುಗಿಸುವ ಪಾನಾ ಕೈಗೆ ಬಂದರೆ ಅವನ ಮುಖಕ್ಕೆ ಅಂಥ ಕಳೆ. ತಲೆಯಲ್ಲಿ ಕೂದಲು ಇನ್ನೂ ಪೂರ್ತಿ ಇದೆ, ಅದೊಂದು ಬೇರೆ.

ಭಾನುವಾರ ಬರುತ್ತಾನಂತೆ. ಇವಳು ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡೆ. "ನಿಮಗೆ ತೊಂದ್ರೆ ಕೊಡ್ತಿದೀನಿ" ಎಂದು ಎಷ್ಟು ನಯವಾಗಿ ಹೇಳಿದಳು! ನನಗೆ ಈ ಮನೆಯಲ್ಲಿ ಯಾರೂ ತೊಂದರೆ ಕೊಡುತ್ತಿದ್ದೇನೆ ಎಂದು ಹೇಳಿದ್ದಿಲ್ಲ. ನೇರವಾಗಿ ಕೊಟ್ಟಿದ್ದಾರೆ.

"ಬಂಗಾರದಂಥ ಹುಡುಗ" ಎಂದಳು ಅಮ್ಮ.

"ಹುಡುಗ ಏನು, ನಲವತ್ತೈದು ಆಯ್ತು ಅವನಿಗೆ" ಎಂದೆ.

"ಬಂಗಾರಕ್ಕೆ ವಯಸ್ಸಾಗಲ್ಲ ಕಣೋ."

ಫೆಬ್ರವರಿ ೮, ಭಾನುವಾರ

ಇವತ್ತು ಬರೆಯುವುದು ಬಹಳ ಇದೆ. ಹೊಟ್ಟೆಯಲ್ಲಿ ಬೆಂಕಿ ಇರುವಾಗ ಪೆನ್ನು ತಾನೇ ಓಡುತ್ತದೆ.

ತಿಂಡಿಯ ಹೊತ್ತಿಗೆ ಬಂದ. ಎರಡು ಜಾಕು, ನಾಲ್ಕು ಕಬ್ಬಿಣದ ಸ್ಟ್ಯಾಂಡು, ಪೆಟ್ಟಿಗೆ ತುಂಬ ಪಾನಾ. ನನ್ನ ಹತ್ತಿರ ಒಂದೇ ಜಾಕು. ನಾನು ಕಲ್ಲು ಇಟ್ಟು ಸಂಭಾಳಿಸುತ್ತಿದ್ದೆ. "ಅಣ್ಣಾ, ಹೇಗಿದೆ ಕಾಲು?" ಎಂದು ಕುರ್ಚಿಯ ಹತ್ತಿರ ಬಂದು ಕೂತ. ಇದ್ದಲ್ಲೇ ಇದೆ ಎಂದೆ. ನಕ್ಕ. ನಾನು ನಗಿಸಲು ಹೇಳಿದ್ದಲ್ಲ.

ಅವನು ಒಬ್ಬನೇ ಮಾಡುತ್ತಾನೆ ಎಂದುಕೊಂಡಿದ್ದೆ. ನೋಡಿದರೆ ಇವಳು ಸೀರೆ ಬಿಟ್ಟು ಹಳೆಯ ಪ್ಯಾಂಟು ಹಾಕಿಕೊಂಡು ಬಂದಳು, ಮೇಲೆ ನನ್ನ ನೀಲಿ ಅಂಗಿ. ಗಾಡಿ ಕೆಲಸಕ್ಕೆಂದು ನಾನು ಇಟ್ಟುಕೊಂಡ ಅಂಗಿ! ತೋಳು ಮಡಚಿ, ತಲೆಗೆ ಬಟ್ಟೆ ಕಟ್ಟಿ, ಚಾಪೆ ಹಾಸಿ ಸರ್ರನೆ ಗಾಡಿಯ ಅಡಿಗೆ ಜಾರಿದಳು. ಇಷ್ಟು ವರ್ಷದಲ್ಲಿ ನಾನು ಗಾಡಿಯ ಅಡಿಯಲ್ಲಿದ್ದಾಗ ಒಂದು ಲೋಟ ಕಾಫಿ ಇಟ್ಟು ಹೋಗಿದ್ದಾಳೆ, ಬಗ್ಗಿ ಸಹ ನೋಡಿದವಳಲ್ಲ. ಹಾಗೆಂದು ನಾನೂ ಕರೆದಿರಲಿಲ್ಲ ಅನ್ನಿ.

ಕಿಟಕಿಯಿಂದ ನನಗೆ ಕಂಡದ್ದು ನಾಲ್ಕು ಕಾಲು. ಕೇಳಿಸಿದ್ದು ಮಾತ್ರ ಎಲ್ಲ.

"ಅತ್ತಿಗೆ, ಒಂದು ಮೂಲೆ ಬೋಲ್ಟು ಮಾತ್ರ ಬಿಡಿ, ಉಳಿದದ್ದು ಸಡಿಲ ಮಾಡಿ. ಆಗ ತಟ್ಟೆ ವಾಲುತ್ತೆ, ಆಯಿಲ್ ಒಂದೇ ಕಡೆ ಬೀಳುತ್ತೆ."

"ಅಯ್ಯೋ ಬಂತು ಬಂತು! ಮೊಣಕೈವರೆಗೂ ಬಂತು!"

ಆಮೇಲೆ ಇಬ್ಬರ ನಗು. ಅಂಥ ನಗುವನ್ನು ಇವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಯಿತೋ. ಎಣ್ಣೆ ಮೈಮೇಲೆ ಬಿದ್ದರೆ ನಗುವಂಥದ್ದು ಏನಿದೆ? ನನ್ನ ಮೈಮೇಲೆ ಬಿದ್ದಾಗ ಅಂಗಿಯ ಕಲೆ ಹೋಗುವುದಿಲ್ಲ ಎಂದು ಬೈದಿದ್ದಳು.

ಇವಳು ಲ್ಯಾಬಿನ ಬುದ್ಧಿಯನ್ನು ಅಂಗಳಕ್ಕೂ ತಂದಿದ್ದಳು. ಇಳಿದ ಆಯಿಲನ್ನು ಹಾಗೇ ಬಿಡದೆ ಗೆರೆ ಹಾಕಿದ ಜಾಡಿಗಳಿಗೆ ಅಳೆದು ತುಂಬಿದಳು. ಬೆಳಕಿಗೆ ಹಿಡಿದು, ಮೂಸಿ, "ಹೊಸದು ಈಗ ತೆಗೆದ ರಕ್ತದ ಹಾಗಿದೆ. ಇದು ನೋಡಿ, ವಾರಗಟ್ಟಲೆ ಇಟ್ಟು ಮರೆತ ಹಾಗೆ" ಎಂದಳು. ತಟ್ಟೆಯೊಳಗಿನ ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿಯನ್ನು ಬೆರಳಲ್ಲಿ ತೆಗೆದುಕೊಂಡು ಓಡಿಬಂದು ಕಿಟಕಿಯಲ್ಲಿ ನನಗೂ ತೋರಿಸಿದಳು. "ಗೊತ್ತು" ಎಂದೆ. ವಾಪಸು ಹೋದಳು. ಆಮೇಲೆ ಏನನ್ನೂ ತೋರಿಸಲು ಬರಲಿಲ್ಲ.

ಪಂಡಿತ ತಟ್ಟೆ ಒರೆಸಿದ, ಅದರ ಅಂಚಿನ ಒಣಗಿದ ಗ್ಯಾಸ್ಕೆಟ್ ಪಟ್ಟಿ ಕಿತ್ತು ಹೊಸದು ಕೂರಿಸಿದ, ಫಿಲ್ಟರ್ ಬದಲಾಯಿಸಿದ. ಇನ್ನು ಸೋರುವುದಿಲ್ಲ. ಕೆಲಸ ನಾಜೂಕು, ಅದನ್ನು ಇಲ್ಲ ಎನ್ನಲಾರೆ. ನನ್ನ ಹೊಟ್ಟೆ ಉರಿಯುವುದೂ ಅದಕ್ಕೇ. ಕೆಟ್ಟದಾಗಿ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹೊಸ ಆಯಿಲ್ ಹಾಕುವ ಹೊತ್ತಿಗೆ ಅವನು ಹೇಳಿದ: "ಎಷ್ಟು ಬಂತೋ ಅಷ್ಟೇ ಹಾಕಿದ್ರಾಯ್ತು ಅತ್ತಿಗೆ. ನನ್ನ ಗಾಡೀಲಿ ಅಳತೆ ಕಡ್ಡೀನೇ ಇಲ್ಲ. ಯಾವಾಗ್ಲೂ ಹೀಗೇ ಮಾಡೋದು."

ಅಲ್ಲಿಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವನ ಗಾಡಿ ಸೋರುವುದಿಲ್ಲ, ಅವನಿಗೆ ಅದು ಸರಿ. ನನ್ನದು ಸೋರಿ ಸೋರಿ ಖಾಲಿಯಾಗಿರುವ ಗಾಡಿ. ಬಂದಷ್ಟೇ ಹಾಕಿದರೆ ಕಮ್ಮಿ ಇದ್ದದ್ದು ಕಮ್ಮಿಯೇ ಉಳಿಯುತ್ತದೆ. ಕಮ್ಮಿ ಇದ್ದರೆ ಏರಿನಲ್ಲಿ ಗೇರ್ ಹಿಡಿಯುವುದಿಲ್ಲ. ಎಂಜಿನ್ ಒದರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಹಿಂದಕ್ಕೂ ಜಾರಬಹುದು. ಕೂಗಿ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಇವಳು, "ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ" ಎಂದಳು. ನಾನು ಬಾಯಿ ಮುಚ್ಚಿದೆ.

ಅವನು ಊಟ ಮಾಡಿ ಹೋದ ಮೇಲೆ ಇವಳು ಕೈಯ ಕರೆ ಉಜ್ಜುತ್ತ ಬಂದು ನನ್ನೆದುರು ಕೂತಳು. "ರೀ, ಮೂರೂಕಾಲು ಲೀಟರ್ ಬಂತು. ಗಾಡಿ ಪುಸ್ತಕದಲ್ಲಿ ನಾಲ್ಕು ಅಂತ ಇದೆ. ಸರೀನಾ ಅದು?"

"ಅಷ್ಟೇ ಬರೋದು" ಎಂದೆ.

ಸುಳ್ಳೇನಲ್ಲ. ಒಳಗೆ ಎಷ್ಟಿತ್ತೋ ಅಷ್ಟೇ ತಾನೆ ಬರುವುದು? ಇವಳು ನನ್ನ ಮುಖವನ್ನೇ ನೋಡಿದಳು. ಅವಳ ಮೂಗಿಗೆ ಎಣ್ಣೆ ಮೆತ್ತಿತ್ತು. ಹೇಳಬೇಕೆನಿಸಿತು, ಅದನ್ನೂ ಹೇಳಲಿಲ್ಲ.

ಸಂಜೆ ಮತ್ತೆ ಅಂಗಳಕ್ಕೆ ಹೋಗಿ ಗಾಡಿ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ಬಹಳ ಹೊತ್ತು ಅದರ ಹಿಂದೆ ನಿಂತಿದ್ದಳು. ನನಗೆ ಕಂಡದ್ದು ಬಾನೆಟ್ ಅಷ್ಟೇ. ಅವನ ಕೈಕೆಲಸವನ್ನು ಎಷ್ಟು ನೋಡಿದರೂ ತೃಪ್ತಿ ಇಲ್ಲ ಇವಳಿಗೆ.

ನಾಳೆ ಏರಿನಲ್ಲಿ ಒಂದು ಸಲ ಕೈಕೊಡಲಿ. ಅಪಾಯವಾಗುವುದು ಬೇಡ, ಸ್ವಲ್ಪ ಕೈಕೊಟ್ಟರೆ ಸಾಕು. ಆಗ ಗೊತ್ತಾಗುತ್ತದೆ, ಇಷ್ಟು ದಿನ ಗಾಡಿ ಯಾರ ಕೈಯಲ್ಲಿ ಓಡುತ್ತಿತ್ತು ಎಂದು.

ಫೆಬ್ರವರಿ ೯, ಸೋಮವಾರ

ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಳು. "ಹೊರಟೆ. ಏನಾದ್ರೂ ಹೇಳೋದಿದೆಯಾ?"

"ಬರ್ತಾ ಕಾಲುನೋವಿನ ಮಾತ್ರೆ ತಗೊಂಡು ಬಾ."

"ಅಷ್ಟೇನಾ?"

"ಅಷ್ಟೇ."

ಗಾಡಿ ತಿರುವು ದಾಟಿ ಏರು ಹಿಡಿಯುವ ಸದ್ದು ಇಲ್ಲಿಗೆ ಕೇಳುತ್ತದೆ. ಕಿವಿ ಕೊಟ್ಟು ಕೂತೆ. ಎಂಜಿನ್ ಒದರಲಿಲ್ಲ. ಸಂಜೆಯವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ. ಗಾಡಿ ವಾಪಸು ಬಂದಾಗ ನಿರಾಳವಾಯಿತೋ ನಿರಾಸೆಯಾಯಿತೋ ಹೇಳಲಾರೆ.

ಫೆಬ್ರವರಿ ೧೧, ಬುಧವಾರ

ಏನೂ ಆಗುತ್ತಿಲ್ಲ! "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬದಲಾಗುತ್ತೆ ರೀ ಗೇರು" ಎನ್ನುತ್ತಾಳೆ. ಮುಕ್ಕಾಲು ಲೀಟರ್ ಕಮ್ಮಿ ಇರುವ ಗೇರ್‌ಬಾಕ್ಸು ಅದು ಹೇಗೆ ಬೆಣ್ಣೆಯಾಗುತ್ತದೆ? ನಾನು ಹನಿ ಹನಿ ಅಳೆದು ಹಾಕಿ ಸಾಕಿದ ಗಾಡಿ, ಅವನು ತಪ್ಪು ಅಳತೆ ಹಾಕಿದರೂ ಅವನ ಮಾತು ಕೇಳುತ್ತದೆ. ಗಾಡಿಗೂ ಅವನೇ ಬೇಕು.

ಇವತ್ತೂ ಬಾಗಿಲಲ್ಲಿ ನಿಂತು "ಏನಾದ್ರೂ ಹೇಳೋದಿದೆಯಾ?" ದಿನಾ ಇದೊಂದು ಪ್ರಶ್ನೆ ಹಿಡಿದುಕೊಂಡಿದ್ದಾಳೆ. ಮನೆಯಲ್ಲಿ ಬಿದ್ದಿರುವವನ ಹತ್ತಿರ ಹೇಳುವಂಥದ್ದು ಏನಿರುತ್ತದೆ?

ಫೆಬ್ರವರಿ ೧೪, ಶನಿವಾರ

ಪಾನಾಪಂಡಿತ ಕಿತ್ತಳೆ ಹಿಡಿದುಕೊಂಡು ನನ್ನನ್ನು ನೋಡಲು ಬಂದಿದ್ದ. ಇವಳು ಕೆಲಸದಲ್ಲಿದ್ದಳು. ಅಮ್ಮ ತನ್ನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ವಿಧಿಯಿಲ್ಲದೆ ಇಬ್ಬರೂ ಎದುರುಬದುರು ಕೂತೆವು. ಅವನು ಕಿತ್ತಳೆ ಸುಲಿದು ನಾರು ಬಿಡಿಸಿ ತೊಳೆ ತೊಳೆಯಾಗಿ ನನಗೆ ಕೊಡುತ್ತಿದ್ದ. ಕಾಲು ಮುರಿದದ್ದು, ಕೈ ನೆಟ್ಟಗಿದೆ ಎಂದು ಹೇಳಲು ನಾಚಿಕೆಯಾಯಿತು.

"ಅಣ್ಣಾ, ನಿಮ್ಮಿಂದ ನಮ್ಮನೇಲಿ ನನಗೆ ಉಳಿಗಾಲ ಇಲ್ಲ" ಎಂದ.

"ನಾನೇನು ಮಾಡ್ದೆ?"

"ನನ್ನವಳು ದಿನಾ ಹೇಳ್ತಾಳೆ. ಅಕ್ಕನ ಗಂಡನ್ನ ನೋಡಿ ಕಲೀರಿ, ಅಕ್ಕನ ಮನೇಲಿ ಏನು ಕೆಟ್ರೂ ಸದ್ದಿಲ್ಲದೆ ಸರಿಯಾಗಿರುತ್ತಂತೆ, ನೀವು ಒಂದು ಬಲ್ಬ್ ಹಾಕಿದ್ರೂ ಬೀದಿಗೆಲ್ಲ ಡಂಗುರ ಹೊಡೀತೀರ ಅಂತ."

ಹೇಳಿ ನಕ್ಕ. ನನ್ನನ್ನು ಉಬ್ಬಿಸಲು ಹೇಳಿದ್ದು, ಅದು ಗೊತ್ತಾಗದಷ್ಟು ದಡ್ಡನಲ್ಲ ನಾನು. ಅಕ್ಕ ತಂಗಿ ಕೂತು ನನ್ನನ್ನು ಹೊಗಳುತ್ತಾರಂತೆ, ನಂಬಬೇಕಂತೆ. ಸದ್ದಿಲ್ಲದೆ ಮಾಡಿದ್ದು ಇನ್ನೊಬ್ಬರಿಗೆ ತಿಳಿಯುವುದಾದರೂ ಹೇಗೆ?

ಕಿತ್ತಳೆ ಸಿಹಿಯಾಗಿತ್ತು. ಹೋಗುವಾಗ ಅಲ್ಲಾಡುತ್ತಿದ್ದ ನನ್ನ ಕುರ್ಚಿಯ ಕಾಲಿಗೆ ಒಂದು ರಟ್ಟಿನ ಚೂರು ಕೊಟ್ಟು ಹೋದ.

ಫೆಬ್ರವರಿ ೧೬, ಸೋಮವಾರ

ಅಮ್ಮನ ಕಣ್ಣಿನ ಆಪರೇಷನ್ ಶುಕ್ರವಾರ. ಬೆಟ್ಟ ಹತ್ತಿ ಆಚೆ ಬದಿ ಇಳಿದು ಹೋಗಬೇಕು, ಕಣ್ಣಿನ ಆಸ್ಪತ್ರೆ ಇರುವುದು ಅಲ್ಲಿ. ಇವಳ ಆಸ್ಪತ್ರೆಯವರೆಗಿನ ಏರು ಏನೂ ಅಲ್ಲ. ಅದರ ಮೇಲಿನದೇ ಏರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಪಂಡಿತ ತಾನೇ ಬಂದು ಓಡಿಸುತ್ತೇನೆ ಎಂದನಂತೆ. ಇವಳು ಬೇಡ ಎಂದಿದ್ದಾಳೆ. "ನಾನೇ ಕರ್ಕೊಂಡು ಹೋಗ್ತೀನಿ. ಗಾಡಿ ಮೇಲೆ ನನಗೆ ನಂಬಿಕೆ ಇದೆ" ಎಂದು ನನ್ನ ಕಡೆ ತಿರುಗಿ ಹೇಳಿದಳು.

ಅಮ್ಮನಿಗೆ ಈಗಲೇ ಹಿಗ್ಗು. "ಕಣ್ಣು ಬಂದ ಮೇಲೆ ಮೊದಲು ನಿನ್ನ ಮುಖ ನೋಡ್ತೀನಿ" ಎಂದು ಸೊಸೆಗೆ ಹೇಳುತ್ತಾಳೆ. ಹೆತ್ತ ಮಗ ಇಲ್ಲೇ ಕೂತಿದ್ದೇನೆ.

ಫೆಬ್ರವರಿ ೧೮, ಬುಧವಾರ

ಊಟ ಸೇರುತ್ತಿಲ್ಲ. ಈಗ ಹೇಳಿದರೆ, ಅವತ್ತು ಯಾಕೆ ಹೇಳಲಿಲ್ಲ ಎಂಬ ಮಾತು ಬರುತ್ತದೆ. ಅದಕ್ಕೆ ಏನೆನ್ನಲಿ? ನೀನು ನಕ್ಕೆ, ಅದಕ್ಕೆ ಎನ್ನಲೇ? ಐವತ್ತು ದಾಟಿದವನು ಆಡುವ ಮಾತೇ ಅದು?

ಟ್ಯಾಕ್ಸಿ ಮಾಡಿಕೊಂಡು ಹೋಗಿ ಎಂದು ಹೇಳಿ ನೋಡಿದೆ.

"ಯಾಕೆ? ಗಾಡಿಗೇನಾಗಿದೆ?"

"ಏನಿಲ್ಲ. ಅಮ್ಮನಿಗೆ ಆರಾಮಾಗಿರುತ್ತೆ ಅಂತ."

"ಬೇರೇನೂ ಇಲ್ವಾ?"

"ಇಲ್ಲ."

ಬಟ್ಟೆ ಮಡಚುತ್ತಿದ್ದವಳು ನನ್ನ ನೀಲಿ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಒಗೆದು ಇಸ್ತ್ರಿ ಮಾಡಿದ್ದಾಳೆ. ಎದೆಯ ಮೇಲೆ ಕೆಂಪು ಕಲೆ ಹಾಗೇ ಇದೆ.

ಫೆಬ್ರವರಿ ೧೯, ಗುರುವಾರ

ಬೆಳಿಗ್ಗೆ ಹೇಳಲಿಲ್ಲ. ಮಧ್ಯಾಹ್ನ ಫೋನ್ ಮಾಡಿದೆ, ಎತ್ತಿದಳು, ಉಪ್ಪು ಎಲ್ಲಿದೆ ಎಂದು ಕೇಳಿ ಇಟ್ಟೆ. ಉಪ್ಪು ಎದುರಿಗೇ ಇತ್ತು.

ಫೆಬ್ರವರಿ ೨೦, ಶುಕ್ರವಾರ

ಕೈ ತರಚಿದೆ. ಅಕ್ಷರ ಅಂಕುಡೊಂಕು.

ಬೆಳಿಗ್ಗೆ ಇವಳು ಅಮ್ಮನನ್ನು ಕೈ ಹಿಡಿದು ನಡೆಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಬೆನ್ನಿಗೆ ದಿಂಬು ಇಟ್ಟಳು. ಮತ್ತೆ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಳು.

"ಹೋಗಿ ಬರ್ತೀವಿ. ಏನಾದ್ರೂ ಹೇಳೋದಿದೆಯಾ?"

"ರಿಪೋರ್ಟ್ ಎಲ್ಲ ತಗೊಂಡ್ಯಾ?"

"ತಗೊಂಡೆ."

ಬ್ಯಾಗು ತೆರೆದು ತೋರಿಸಿದಳು. ಆಮೇಲೆ ಹೋದಳು. ಗಾಡಿಯ ಬಾಗಿಲು ಹಾಕಿದ ಸದ್ದು ಕೇಳಿತು. ಊರುಗೋಲು ಎಳೆದುಕೊಂಡು ಎದ್ದೆ. ಬಾಗಿಲವರೆಗೆ ಬಂದೆ. ಮೆಟ್ಟಿಲು ಇಳಿಯಲು ಕೋಲು ಸಾಲದು, ಕೋಲು ಎಸೆದು ಅಲ್ಲೇ ಕೂತು, ಪುಟ್ಟ ಮಗುವಿನ ಹಾಗೆ ಕುಂಡೆ ಜಾರಿಸಿಕೊಂಡು ಇಳಿದೆ. ಪ್ಲಾಸ್ಟರು ಮೆಟ್ಟಿಲಿಗೆ ಬಡಿದು ಕಣ್ಣಿಗೆ ಕತ್ತಲೆ ಬಂತು. ಗಾಡಿ ಹಿಂದಕ್ಕೆ ಹೊರಳುತ್ತಿತ್ತು.

"ನಿಲ್ಸೇ! ನಿಲ್ಸು! ಹೋಗ್ಬೇಡ!"

ನಿಲ್ಲಿಸಿ ಓಡಿಬಂದಳು. "ರೀ, ಇದೇನು ಹುಚ್ಚು! ಬಿದ್ರಾ?"

"ಮುಕ್ಕಾಲು ಲೀಟರ್ ಕಮ್ಮಿ ಇದೆ" ಎಂದೆ. ಉಸಿರು ಸಿಗುತ್ತಿರಲಿಲ್ಲ. "ಗೇರ್‌ಬಾಕ್ಸಲ್ಲಿ. ಅವತ್ತು ಅಷ್ಟೇ ಬರೋದು ಅಂದದ್ದು ಸುಳ್ಳು. ಅದು ಸೋರ್ತಿತ್ತು, ನಾನು ಯಾರಿಗೂ ಹೇಳದೆ ಹಾಕ್ತಿದ್ದೆ. ಶೆಡ್ಡಲ್ಲಿ ಬಣ್ಣದ ಡಬ್ಬಿ ಹಿಂದೆ ಬಾಟ್ಲಿ..."

"ಇತ್ತು" ಎಂದಳು. "ಈಗ ಖಾಲಿ. ಅದನ್ನೇ ಹಾಕಿದ್ದು."

ನನಗೆ ಅರ್ಥವಾಗಲಿಲ್ಲ.

"ಅವತ್ತು ಸಂಜೆನೇ ಹಾಕ್ದೆ. ಎಂಜಿನ್ ಬಿಸಿ ಮಾಡಿ, ಅಳತೆ ಕಡ್ಡಿ ಅದ್ದಿ ಅದ್ದಿ ನೋಡಿ, ಗೆರೆ ಮುಟ್ಟೋವರೆಗೂ. ಪುಸ್ತಕದಲ್ಲಿ ಹಾಗೇ ಬರೆದಿದೆ."

"ಬಾಟ್ಲಿ ಅಲ್ಲಿರೋದು ನಿನಗೆ ಹೇಗೆ..."

"ಅಡುಗೆಮನೆ ಕಿಟಕಿ ಇರೋದು ಅಂಗಳಕ್ಕೇ ಅಲ್ವೇನ್ರೀ? ಎಷ್ಟು ಸಲ ನೋಡಿದೀನಿ, ಕಳ್ಳನ ಹಾಗೆ ಬಾನೆಟ್ ಎತ್ತಿ, ಕಳ್ಳನ ಹಾಗೆ ಮುಚ್ಚಿ, ರಟ್ಟು ಬಚ್ಚಿಟ್ಟು ಬರೋದನ್ನ. ನಾನು ಹೆದರಬಾರ್ದು ಅಂತ ಮಾಡ್ತೀರ ಅಂತ ಗೊತ್ತಿತ್ತು. ಖುಷಿಯಾಗ್ತಿತ್ತು. ತಂಗಿ ಹತ್ರ ಹೇಳ್ಕೊಂಡೂ ಇದೀನಿ. ನಿಮಗೆ ಹೇಳಿದ್ರೆ ನಿಮ್ಮ ಗುಟ್ಟಿನ ಖುಷಿ ಹಾಳಾಗುತ್ತೆ ಅಂತ ಸುಮ್ನಿದ್ದೆ."

"ಮತ್ತೆ ಅವತ್ತು ಸರೀನಾ ಅಂತ ನನ್ನ ಯಾಕೆ ಕೇಳ್ದೆ?"

"ನೀವು ಹೇಳ್ತೀರ ಅಂತ."

ಅವಳು ನನ್ನ ಅಂಗೈಗೆ ಅಂಟಿದ ಮಣ್ಣು ಒರೆಸುತ್ತಿದ್ದಳು. ಮುಖ ನೋಡಲಿಲ್ಲ.

"ಆಯಿಲ್ ಎಷ್ಟು ಕಮ್ಮಿ ಅಂತ ನನಗೆ ಅವತ್ತೇ ಗೊತ್ತಾಯ್ತು ರೀ. ನೀವು ಎಷ್ಟು ದಿನ ಸುಮ್ನೆ ಕೂರ್ತೀರ ಅನ್ನೋದು ಗೊತ್ತಿರಲಿಲ್ಲ. ಅದಕ್ಕೇ ದಿನಾ ಬಾಗಿಲಲ್ಲಿ ನಿಂತು ಕೇಳ್ತಿದ್ದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು ಎನ್ನುತ್ತಾರಲ್ಲ, ಆ ಬೆಕ್ಕಿಗೆ ಯಾರಾದರೂ ಹೀಗೆ ಕಾಲು ಒರೆಸಿದ್ದಾರೋ ಇಲ್ಲವೋ.

ಗಾಡಿಯೊಳಗಿಂದ ಅಮ್ಮ ಕೂಗಿದಳು. "ಏನಂತಮ್ಮ ಅವನಿಗೆ? ಯಾಕೆ ಹಾಗೆ ಅರಚ್ತಾನೆ?"

"ಏನಿಲ್ಲ ಅತ್ತೆ" ಎಂದಳು ಅವಳು, ದನಿ ಒಂಚೂರೂ ಬದಲಾಯಿಸದೆ. "ಹುಷಾರಾಗಿ ಹೋಗಿ ಬನ್ನಿ ಅಂತ ಹೇಳೋಕೆ ಇಳಿದು ಬಂದ್ರು."

"ಅಯ್ಯೋ ನನ್ನ ಕಂದಾ" ಎಂದಳು ಅಮ್ಮ.

ನನ್ನನ್ನು ಮೇಲೆ ಹತ್ತಿಸುವಷ್ಟು ಹೊತ್ತಿರಲಿಲ್ಲ, ಆಪರೇಷನ್ನಿನ ಸಮಯವಾಗಿತ್ತು. ಅಂಗಳಕ್ಕೇ ಕುರ್ಚಿ ತಂದು ಕೂರಿಸಿ, ಕಾಲ ಕೆಳಗೆ ಡಬ್ಬ ಇಟ್ಟು, ನೀರು ಕೊಟ್ಟು ಹೊರಟಳು. ಏರು ಹತ್ತುವ ಸದ್ದು ಕೇಳಿಸಿಕೊಂಡೆ. ಬೆಣ್ಣೆಯೇ.

ಗಾಡಿ ನಿಲ್ಲುವ ಜಾಗದಲ್ಲಿ ಕೂತಿದ್ದೆ. ರಟ್ಟು ಕಾಲಡಿಯಲ್ಲೇ ಇತ್ತು. ಹೊಸ ಹನಿ ಒಂದೂ ಇಲ್ಲ. ತಲೆ ಎತ್ತಿದರೆ ಎದುರಿಗೇ ಅಡುಗೆಮನೆಯ ಕಿಟಕಿ. ಒಳಗಿನ ಚಮಚ ಎಣಿಸಬಹುದು, ಅಷ್ಟು ಹತ್ತಿರ. ಕನ್ನಡಕದ ಅಂಗಡಿಯವನು ನಾನು.

ಮಧ್ಯಾಹ್ನ ಷಡ್ಡಕ ಬಂದ. ಅವಳು ದಾರಿಯಿಂದ ಫೋನ್ ಮಾಡಿದ್ದಳಂತೆ. ಕಂಕುಳಿಗೆ ಕೈ ಕೊಟ್ಟು ಹೂವಿನ ಹಾಗೆ ಎತ್ತಿ ಒಂದೊಂದೇ ಮೆಟ್ಟಿಲು ಹತ್ತಿಸಿದ. ನನ್ನನ್ನು ಮೇಲೆತ್ತಲು ಕೊನೆಗೆ ಲಿಫ್ಟಿನವನೇ ಬೇಕಾಯಿತು.

"ಅತ್ತಿಗೆ ಹೇಳಿದ್ರು, ನೀವು ಅಂಗಳದಲ್ಲಿ ಬಿಸಿಲು ಕಾಯಿಸ್ಕೊಳ್ತಿದೀರ ಅಂತ. ಗಾಡಿ ಹೇಗೆ ಓಡ್ತಿದೆ ಅಣ್ಣಾ?"

ಅವನಿಗೆ ಏನೂ ಗೊತ್ತಿಲ್ಲ. ಅವನಿಗೂ ಅವಳು ಹೇಳಿಲ್ಲ. ಮುಕ್ಕಾಲು ಲೀಟರಿನ ಮಾತು ತುದಿನಾಲಿಗೆಗೆ ಬಂದಿತ್ತು. "ಚೆನ್ನಾಗಿ ಓಡ್ತಿದೆ. ಒಳ್ಳೇ ಕೆಲಸ ಮಾಡಿದ್ದೀಯ" ಎಂದೆ. ಅವನ ಮುಖ ಹುಡುಗನ ಮುಖದ ಹಾಗೆ ಅರಳಿತು. ಇಷ್ಟಕ್ಕೇ ಹೀಗೆ ಅರಳುವವನೆಂದು ತಿಳಿದಿರಲಿಲ್ಲ.

ಸಂಜೆ ಇಬ್ಬರೂ ಬಂದರು. ಆಪರೇಷನ್ ಸಲೀಸಾಯಿತಂತೆ. ಅವಳು ದಣಿದಿದ್ದಳು. ಬೇಕಾದಷ್ಟೇ ಮಾತಾಡಿದಳು.

ಫೆಬ್ರವರಿ ೨೩, ಸೋಮವಾರ

ಅಮ್ಮನ ಕಣ್ಣಿನ ಪಟ್ಟಿ ತೆಗೆದಾಗಿದೆ. ಹೇಳಿದ ಹಾಗೆ ಮೊದಲು ಸೊಸೆಯ ಮುಖ ನೋಡಿ, "ಎಷ್ಟು ಸೊರಗಿದೀಯೇ!" ಎಂದಳು. ಆಮೇಲೆ ನನ್ನನ್ನು ನೋಡಿ, "ಇವನ್ಯಾಕೆ ಇಷ್ಟು ಮುದುಕ ಆದ?" ಎಂದಳು. ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ.

ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿದಳು, ಚಪ್ಪಲಿ ಮೆಟ್ಟಿದಳು, ಮೊಳೆಯಿಂದ ಕೀಲಿ ತೆಗೆದುಕೊಂಡಳು. "ಬರ್ತೀನಿ" ಎಂದು ಇಳಿದು ಹೋದಳು. ಇವತ್ತು ಏನಾದರೂ ಹೇಳುವುದಿದೆಯೇ ಎಂದು ಕೇಳಲಿಲ್ಲ. ಶನಿವಾರವೂ ಕೇಳಿರಲಿಲ್ಲ.

ಗಾಡಿಯ ಬಾಗಿಲು ತೆರೆಯುವಷ್ಟರಲ್ಲಿ ಕಿಟಕಿಯಿಂದ ಕೂಗಿದೆ. ತಿರುಗಿ ನೋಡಿದಳು.

"ಬರ್ತಾ ಒಂದು ಬಾಟ್ಲಿ ಗೇರ್ ಆಯಿಲ್ ತಗೊಂಡು ಬಾ. ಶೆಡ್ಡಲ್ಲಿ ಬೇಡ, ಅಡುಗೆಮನೆ ಕಿಟಕೀಲಿಡು."

"ಸೋರೋದು ನಿಂತಿದೆಯಲ್ರೀ, ಇನ್ನೇಕೆ?"

"ಇರ್ಲಿ. ಮತ್ತೆ ಸೋರಿದ್ರೆ ಹೇಳ್ತೀನಿ."

ಅವಳು ತಲೆಯಾಡಿಸಿ ಒಳಗೆ ಕೂತಳು. ಅವಳ ಗಾಡಿ ತಿರುವು ದಾಟಿ ಏರು ಹಿಡಿದು ಸದ್ದು ಅಡಗುವವರೆಗೂ ಕಿಟಕಿಯಲ್ಲೇ ಇದ್ದೆ.